ಊರು ಬಿಡುವಾಗ ಮೋಟಾರನ್ನೂ ಒಯ್ಯಬೇಕೆ?

ಊರು ಬಿಟ್ಟು ಊರು ಸೇರುವುದು ಮುಂಬಯಿಯ ಕನ್ನಡಿಗರಾದ ನಮಗೆ ಹೊಸದಲ್ಲ. ನಮ್ಮ ಹಿರಿಯರು ಘಟ್ಟದ ಕೆಳಗಿನಿಂದಲೋ ಧಾರವಾಡ, ವಿಜಾಪುರಗಳ ಕಡೆಯಿಂದಲೋ ಇಲ್ಲಿಗೆ ಬಂದರು. ನಮ್ಮ ಮಕ್ಕಳು ಇಲ್ಲಿಂದ ದುಬೈ, ಮಸ್ಕತ್, ಲಂಡನ್, ನ್ಯೂಜೆರ್ಸಿ ಎಂದು ಹೊರಡುತ್ತಿದ್ದಾರೆ. ಕೆಲವರು ಅಲ್ಲಿಂದ ಮರಳಿಯೂ ಬರುತ್ತಿದ್ದಾರೆ. ಹೊರಡುವ ಪ್ರತಿಯೊಂದು ಮನೆಯಲ್ಲಿಯೂ ನಡೆಯುವ ಚರ್ಚೆ ಒಂದೇ: ಏನನ್ನು ಒಯ್ಯುವುದು, ಏನನ್ನು ಬಿಡುವುದು? ಪಾತ್ರೆ ಪಗಡೆ, ಪುಸ್ತಕ, ದೇವರ ಪಟ ಇವುಗಳಿಗೆ ಉತ್ತರ ಬೇಗ ಸಿಗುತ್ತದೆ. ಮನೆಯ ಮುಂದೆ ನಿಂತಿರುವ ಮೋಟಾರು ಗಾಡಿಯ ಬಳಿ ಬಂದಾಗ ಮಾತ್ರ ಮಾತು ತಡೆಯುತ್ತದೆ. ಸಾಲ ಮಾಡಿ ಕೊಂಡದ್ದು, ಕಷ್ಟಪಟ್ಟು ಉಳಿಸಿಕೊಂಡದ್ದು, ಮಕ್ಕಳು ಹಿಂದಿನ ಸೀಟಿನಲ್ಲಿ ಬೆಳೆದದ್ದು. ಅದನ್ನು ಮಾರುವುದೆಂದರೆ ಮನಸ್ಸು ಒಪ್ಪುವುದಿಲ್ಲ. ಹಡಗಿಗೆ ಹಾಕಿಸಿ ಒಯ್ದರೆ ಏನಾದೀತು ಎಂಬ ಯೋಚನೆ ಆಗ ಹುಟ್ಟುತ್ತದೆ.

ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ದೊಡ್ಡ ಪಾಲು ನಡೆದದ್ದು ನಮ್ಮ ಮುಂಬಯಿ ಬಂದರಿನಲ್ಲಿಯೇ. ಆ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕಾರು ಒಯ್ಯುವ ತೀರ್ಮಾನ ಮನೆಯಲ್ಲಿ ಆಗುವಂತೆ ಕಂಡರೂ, ಬಹುಮಟ್ಟಿಗೆ ಅದು ತಲುಪುವ ದಡದಲ್ಲಿ ಮೊದಲೇ ಆಗಿಹೋಗಿರುತ್ತದೆ. ಸಮುದ್ರ ಕೇಳುವುದು ಬಾಡಿಗೆಯನ್ನು ಮಾತ್ರ. ದಡ ಕೇಳುವುದು ಸುಂಕ, ವಯಸ್ಸು, ಕಾಗದಪತ್ರ, ಕೊನೆಗೆ ಸ್ಟಿಯರಿಂಗ್ ಯಾವ ಕಡೆಗಿದೆ ಎಂಬುದನ್ನೂ.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಕರಾವಳಿಯಿಂದ ಮುಂಬಯಿಗೆ ರೈಲಿಲ್ಲದ ಕಾಲದಲ್ಲಿ ಅನೇಕರು ಬಂದದ್ದು ಕರಾವಳಿಯ ಆಗಬೋಟುಗಳಲ್ಲಿ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಊರಿನ ಅಕ್ಕಿ, ಉಪ್ಪಿನಕಾಯಿಯ ಭರಣಿ. ತಲೆಯ ಮೇಲೆ ಹೊತ್ತು ಇಳಿಯಬಹುದಾದಷ್ಟೇ ಸಾಮಾನು. ಕೊಂಕಣ ರೈಲ್ವೆಯ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅಲ್ಲಿಯ ವರೆಗೂ ಊರಿಗೂ ಮುಂಬಯಿಗೂ ನಡುವೆ ಸಾಮಾನು ಸಾಗಿಸುವುದೆಂದರೆ ಒಂದು ಸಾಹಸವೇ. ಹೊತ್ತುಕೊಳ್ಳಲಾಗದ್ದನ್ನು ಒಯ್ಯಬಾರದು ಎಂಬುದು ಅಂದಿನ ಹೇಳದ ನಿಯಮ.

ಮೋಟಾರು ಗಾಡಿ ಆ ನಿಯಮವನ್ನು ಮುರಿದು ಬಂದ ವಸ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮುಂಬಯಿಯಲ್ಲಿ ಮೊದಲ ಮೋಟಾರುಗಳು ಕಾಣಿಸಿಕೊಂಡವು. ಬಂದದ್ದೆಲ್ಲ ಹಡಗಿನಲ್ಲಿಯೇ. ಹಡಗಿನ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಹಡಗಿನ ಬಾಡಿಗೆಯನ್ನು ಸರಕಿನ ತೂಕದಿಂದಲೋ ಅದು ಹಿಡಿಯುವ ಜಾಗದಿಂದಲೋ, ಯಾವುದು ಹೆಚ್ಚೋ ಅದರಿಂದ ಕಟ್ಟುವುದು ರೂಢಿ. ಹಳೆಯ ಲೆಕ್ಕದಲ್ಲಿ 40 ಘನ ಅಡಿ ಜಾಗ ಒಂದು ಟನ್ನಿಗೆ ಸಮ. ನಮಗೆಲ್ಲ ಗೊತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳಿ. ಅದರ ತೂಕ ಒಂದು ಟನ್ನಿಗೂ ಕಡಿಮೆ. ಆದರೆ ಸುಮಾರು 3.9 ಮೀಟರು ಉದ್ದ, ಒಂದೂವರೆ ಮೀಟರಿಗೆ ಸಮೀಪದ ಅಗಲ ಮತ್ತು ಎತ್ತರ. ಅಂದರೆ ಸುಮಾರು 300 ಘನ ಅಡಿ. ಹಡಗಿನವನ ಲೆಕ್ಕದಲ್ಲಿ ಅದು ಏಳು ಟನ್ನಿಗೂ ಮಿಕ್ಕಿದ ಸರಕು. ಕಾರನ್ನು ಹಡಗಿನಲ್ಲಿ ಕಳಿಸುವವನು ಬಹುಪಾಲು ಹಣ ತೆರುವುದು ಕಾರಿನೊಳಗಿನ ಖಾಲಿ ಗಾಳಿಗೆ!

ಈ ಖಾಲಿ ಜಾಗದ ಬಾಡಿಗೆಯನ್ನು ಉಳಿಸಲು ವ್ಯಾಪಾರಿಗಳು ಕಂಡುಕೊಂಡ ಉಪಾಯವೇ ಕಾರನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿ ತಂದು ಇಲ್ಲಿ ಜೋಡಿಸುವುದು. 1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಶಿವಡಿಯಲ್ಲಿ ಇಂಥ ಜೋಡಣೆಯ ಕಾರ್ಖಾನೆ ತೆರೆಯಿತು. ಬಂದರಿನ ಮಗ್ಗುಲಲ್ಲೇ ಪೆಟ್ಟಿಗೆ ಇಳಿದು, ಅಲ್ಲಿಯೇ ಷೆವರ್ಲೆ ಗಾಡಿಯಾಗಿ ರಸ್ತೆಗೆ ಬರತೊಡಗಿತು. ಇಡೀ ಕಾರನ್ನು ಸಮುದ್ರ ದಾಟಿಸುವುದು ಲಾಭದ ಮಾತಲ್ಲ ಎಂಬುದನ್ನು ಕಾರು ತಯಾರಿಸುವವರೇ ಅಂದು ಒಪ್ಪಿಕೊಂಡಂತಾಯಿತು.

ಕಾರನ್ನು ತರಿಸುವ ಬದಲು ಇಲ್ಲಿಯೇ ಏಕೆ ಮಾಡಬಾರದು ಎಂದು ಕೇಳಿದವರಲ್ಲಿ ಮುಖ್ಯರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಮುಂಬಯಿಯಲ್ಲಿ ಅಂಥದೊಂದನ್ನು ಸ್ಥಾಪಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದರು ಆ ಕೆಲಸಕ್ಕೆ ಕೈಹಾಕಿದರು. ಮೈಸೂರು ಸರಕಾರವೂ ಆಸಕ್ತಿ ತೋರಿತು. ಆದರೆ ಅಂದಿನ ಭಾರತ ಸರಕಾರದ ಬೆಂಬಲ ದೊರೆಯದೆ ಯೋಜನೆ ಹಿಂದೆ ಬಿತ್ತು. ಕೊನೆಗೆ ವಾಲಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಕಟ್ಟಿದರು. 1947ರಲ್ಲಿ ಕುರ್ಲಾದ ಅವರ ಕಾರ್ಖಾನೆಯಿಂದ ಮೊದಲ ಗಾಡಿ ಹೊರಬಿತ್ತು.

ಸ್ವಾತಂತ್ರ್ಯದ ನಂತರ ವಿದೇಶೀ ವಿನಿಮಯದ ಕೊರತೆಯಿಂದಾಗಿ ಸರಕಾರ ಸಿದ್ಧ ಕಾರುಗಳ ಆಮದನ್ನು ಬಿಗಿಗೊಳಿಸಿತು. ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಹೊರಡಬೇಕೆಂದು 1953ರಲ್ಲಿ ತೀರ್ಮಾನವಾಯಿತು. ಮರುವರ್ಷ ಶಿವಡಿಯ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದಿನ ಮೂರು ದಶಕ ನಮ್ಮ ರಸ್ತೆಗಳಲ್ಲಿ ಉಳಿದವು ಮುಖ್ಯವಾಗಿ ಫಿಯಟ್, ಅಂಬಾಸಿಡರ್ ಮತ್ತು ಸ್ಟ್ಯಾಂಡರ್ಡ್. ಫಿಯಟ್ ಬೇಕೆಂದವನು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೊರದೇಶದಿಂದ ಮರಳುವವನ ಕಣ್ಣಿಗೆ ಅಲ್ಲಿಯ ತನ್ನ ಕಾರು ಚಿನ್ನದಂತೆ ಕಂಡದ್ದು ಆ ಕಾಲದಲ್ಲಿ, ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಸಾಮಾನ್ಯವಾದದ್ದು ಇಲ್ಲಿ ಅಪರೂಪ. ಆದರೆ ತರುವುದು ಸುಲಭವಾಗಿರಲಿಲ್ಲ. ಕಸ್ಟಮ್ಸ್ ಕ್ಲಿಯರೆನ್ಸ್ ಪರ್ಮಿಟ್ ಎಂಬ ಅನುಮತಿ ಪತ್ರ ಬೇಕು, ಭಾರಿ ಸುಂಕ ಕಟ್ಟಬೇಕು, ತಂದ ಮೇಲೆ ಕೆಲವು ವರ್ಷ ಮಾರುವಂತಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯ ಅರ್ಥ ಇಂಥವರಿಗೆ ಬಲ್ಲಾರ್ಡ್ ಪಿಯರಿನ ಕಚೇರಿಗಳಲ್ಲಿ ಚೆನ್ನಾಗಿ ತಿಳಿಯುತ್ತಿತ್ತು.

ಇಲ್ಲಿಯೇ ರಸ್ತೆಯ ಎಡಬಲಗಳ ಪ್ರಶ್ನೆ ಬರುತ್ತದೆ. ಮುಂಬಯಿಯಿಂದ ಪೂರ್ವ ಆಫ್ರಿಕಕ್ಕೆ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಬಹುಕಾಲ ಓಡಾಡಿದವು. ಅವುಗಳಲ್ಲಿ ‘ಕರಂಜಾ’ 1976ರ ವರೆಗೂ ಇತ್ತು. ಕೆನ್ಯಾ, ಉಗಾಂಡಾ, ತಾಂಜಾನಿಯಗಳಲ್ಲಿ ಬ್ರಿಟಿಷರ ಪದ್ಧತಿಯಂತೆ ಗಾಡಿಗಳು ರಸ್ತೆಯ ಎಡಗಡೆ ಓಡುತ್ತವೆ, ಸ್ಟಿಯರಿಂಗ್ ಬಲಗಡೆಗೆ. ಆದ್ದರಿಂದ ಮೊಂಬಾಸಾದ ಕಾರಿಗೆ ಮುಂಬಯಿಯ ರಸ್ತೆ ಪರಕೀಯವಲ್ಲ. ಕೊಲ್ಲಿಯ ನಾಡುಗಳ ಕಥೆ ಬೇರೆ. ದುಬೈ 1966ರಲ್ಲಿ, ಬಹರೈನ್ 1967ರಲ್ಲಿ ಎಡಗಡೆಯ ಓಡಾಟವನ್ನು ಬಿಟ್ಟು ಬಲಗಡೆಗೆ ಬದಲಾದವು. ನೆರೆಹೊರೆಯ ಅರಬ್ ದೇಶಗಳೆಲ್ಲ ಬಲಗಡೆ ಓಡಿಸುವಾಗ ತಾವು ಮಾತ್ರ ಬೇರೆಯಾಗಿರುವುದು ಅವುಗಳಿಗೆ ಅನುಕೂಲವಾಗಿರಲಿಲ್ಲ. ಇದಾದ ಕೆಲವೇ ವರ್ಷಗಳಲ್ಲಿ, ಎಣ್ಣೆಯ ಬೆಲೆ ಏರಿದ 1970ರ ದಶಕದಲ್ಲಿ, ನಮ್ಮ ಕರಾವಳಿಯ ಜನ ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿಗೆ ಹೊರಟರು. ಅಲ್ಲಿ ಅವರು ಕೊಂಡ ಕಾರುಗಳ ಸ್ಟಿಯರಿಂಗ್ ಎಡಗಡೆಗೆ. ಆ ಕಾರು ಊರಿಗೆ ಬರುವ ಮಾತು ಅಲ್ಲಿಗೇ ಮುಗಿಯಿತು. ನಮ್ಮ ಜನ ಬಹಳವಾಗಿ ಹೋದ ನಾಡಿನಿಂದಲೇ ಕಾರು ತರುವುದು ಅತ್ಯಂತ ಕಷ್ಟವಾಯಿತೆಂಬುದು ಚರಿತ್ರೆಯ ಒಂದು ವಿನೋದ.

ಕೊಲ್ಲಿಗೆ ಹೊರಡುವವರ ಹೆಬ್ಬಾಗಿಲೂ ಮುಂಬಯಿಯೇ ಆಗಿತ್ತು. ‘ದ್ವಾರಕಾ’ ಎಂಬ ಹಡಗು 1982ರ ವರೆಗೆ ಇಲ್ಲಿಂದ ಕರಾಚಿಯ ಮೂಲಕ ಕೊಲ್ಲಿಯ ಬಂದರುಗಳಿಗೆ ಜನರನ್ನು ಒಯ್ಯುತ್ತಿತ್ತು. ವಿಮಾನ ಹತ್ತುವವರೂ ಸಾಂತಾಕ್ರೂಜಿಗೆ, ಆಮೇಲೆ ಸಹಾರಿಗೆ ಬರಬೇಕಿತ್ತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಊರಿನಿಂದ ಬಂದು, ಮುಂಬಯಿಯ ಬಂಧುಗಳ ಕೋಣೆಯಲ್ಲಿ ವೀಸಾ ಕಾದು ಹೊರಟ ಎಷ್ಟೋ ಯುವಕರನ್ನು ನಮ್ಮ ಮನೆಗಳು ಕಂಡಿವೆ. ಅವರಲ್ಲಿ ಅನೇಕರು ಹೋದದ್ದು ಡ್ರೈವರರಾಗಿ. ಕಾರಿಗೆ ದಾಟಲಾಗದ ಗಡಿಯನ್ನು ಕಾರು ನಡೆಸುವ ವಿದ್ಯೆ ದಾಟಿತು. ಕೈ ಬದಲಿಸಿ ಗೇರು ಹಾಕಲು ಕಲಿತು, ಅಲ್ಲಿಯ ಪರೀಕ್ಷೆ ಕೊಟ್ಟು, ಅಲ್ಲಿಯ ಲೈಸೆನ್ಸು ಪಡೆದು ಅವರು ಸಂಸಾರಗಳನ್ನು ಸಾಕಿದರು. ಆ ವಿದ್ಯೆಗೆ ಯಾವ ಬಂದರಿನಲ್ಲಿಯೂ ಸುಂಕ ಬೀಳಲಿಲ್ಲ.

ಕಾರನ್ನು ಒಯ್ಯಬೇಕೆ ಎಂದು ಯೋಚಿಸುವ ಅವಕಾಶವೇ ಇಲ್ಲದೆ ಹೊರಟವರೂ ಇದ್ದಾರೆ, ಅವರನ್ನು ಮರೆಯುವಂತಿಲ್ಲ. 1972ರ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿಯ ಏಷ್ಯದ ಜನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅಂಗಡಿ, ಮನೆ, ಕಾರು ಎಲ್ಲವನ್ನೂ ಬಿಟ್ಟು, ಕೈಗೆ ಸಿಕ್ಕಷ್ಟು ಗಂಟು ಹಿಡಿದು ಸಾವಿರಾರು ಕುಟುಂಬಗಳು ಹೊರಟವು. ಹಲವರು ಮೊಂಬಾಸಾಕ್ಕೆ ಬಂದು ಹಡಗು ಹತ್ತಿ ಮುಂಬಯಿಯಲ್ಲಿ ಇಳಿದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಹೊಕ್ಕಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿದ್ದರು. ಅವರಲ್ಲಿ ಕನ್ನಡಿಗರೂ ಇದ್ದರು. ಬಾಗದಾದಿನ ಮೂಲಕ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದವರನ್ನು ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳ ಕಾಲ ಮುಂಬಯಿಗೆ ತಂದವು. ಹಾಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಸಹಾರಿನಲ್ಲಿ ಇಳಿದ ಅನೇಕರ ಕೈಯಲ್ಲಿ ಒಂದು ಚೀಲ ಮಾತ್ರ ಇತ್ತು. ಪರದೇಶದಲ್ಲಿ ಕೊಂಡ ಕಾರು ನಮ್ಮದೆಂದು ನಾವು ಹೇಳುತ್ತೇವೆ. ಆ ನೆಲದ ಶಾಂತಿ ಇರುವ ವರೆಗೆ ಮಾತ್ರ ಅದು ನಮ್ಮದು.

ಇನ್ನು ಹಡಗಿನ ಕೆಲಸದ ರೀತಿ. ಹಿಂದೆ ಕಾರನ್ನು ಹಗ್ಗದ ಬಲೆಯಲ್ಲಿ ಕಟ್ಟಿ ಕ್ರೇನಿನಿಂದ ಎತ್ತಿ ಹಡಗಿನ ಹೊಟ್ಟೆಗೆ ಇಳಿಸುತ್ತಿದ್ದರು. ಈಗ ಎರಡು ದಾರಿ. ಒಂದು ಕಂಟೇನರು: 20 ಅಡಿಯದರಲ್ಲಿ ಒಂದು ಕಾರು, 40 ಅಡಿಯದರಲ್ಲಿ ಸಾಮಾನ್ಯವಾಗಿ ಎರಡು. ಇನ್ನೊಂದು, ಕಾರನ್ನು ಓಡಿಸಿಕೊಂಡೇ ಒಳಕ್ಕೆ ಹೋಗಿ ನಿಲ್ಲಿಸುವ ಬಹು ಅಂತಸ್ತಿನ ಹಡಗು. ಯಾವುದೇ ಆದರೂ ಟ್ಯಾಂಕಿನಲ್ಲಿ ತೀರ ಕಡಿಮೆ ಪೆಟ್ರೋಲು ಉಳಿಸಬೇಕು. ಕಂಟೇನರಿನಲ್ಲಿ ಹೋಗುವುದಾದರೆ ಬ್ಯಾಟರಿಯ ತಂತಿಯನ್ನೂ ಕಳಚಬೇಕು. ವಿಮೆ ಇಲ್ಲದೆ ಕಳಿಸುವುದಂತೂ ಕೂಡದು. ಸಮುದ್ರದ ವ್ಯಾಪಾರದಲ್ಲಿ ‘ಜನರಲ್ ಆವರೇಜ್’ ಎಂಬ ಬಹಳ ಪುರಾತನವಾದ ನಿಯಮ ಒಂದಿದೆ. ಹಡಗನ್ನು ಉಳಿಸಲು ಯಾರದಾದರೂ ಸರಕನ್ನು ಬಲಿಕೊಟ್ಟರೆ ಅಥವಾ ವಿಶೇಷ ಖರ್ಚು ಮಾಡಿದರೆ, ಆ ನಷ್ಟವನ್ನು ಹಡಗಿನ ಒಡೆಯನೂ ಸರಕಿನ ಒಡೆಯರೆಲ್ಲರೂ ಹಂಚಿಕೊಳ್ಳಬೇಕು. 2021ರ ಮಾರ್ಚಿನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡಾಗ ಈ ನಿಯಮ ಜಾರಿಗೆ ಬಂತು. ತಮ್ಮ ಸಾಮಾನಿಗೆ ಏನೂ ಆಗದಿದ್ದವರೂ ತಮ್ಮ ಪಾಲಿಗೆ ಜಾಮೀನು ಕೊಡಬೇಕಾಯಿತು. ಮರುವರ್ಷ ‘ಫೆಲಿಸಿಟಿ ಏಸ್’ ಎಂಬ ಹಡಗು ಸುಮಾರು 4,000 ಕಾರುಗಳೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಬೆಂಕಿ ಹೊತ್ತಿ ಮುಳುಗಿತು. ದಡ ಮುಟ್ಟಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಕಾಗದ ಪತ್ರ ಸರಿಯಿಲ್ಲದೆ ಗಾಡಿ ಬಂದರಿನಲ್ಲಿ ಉಳಿದರೆ ದಿನದಿನಕ್ಕೂ ಡೆಮರೇಜು ಏರುತ್ತದೆ.

1983ರಲ್ಲಿ ಮಾರುತಿ ಬಂದು, 1991ರ ನಂತರ ಆರ್ಥಿಕ ನೀತಿ ಸಡಿಲಾಗಿ, ಇಲ್ಲಿಯೇ ಬಗೆಬಗೆಯ ಕಾರುಗಳು ದೊರೆಯತೊಡಗಿದವು. ಅಷ್ಟರಲ್ಲಿ ಹೊರಗಿನಿಂದ ಕಾರು ತರುವ ಮುಖ್ಯ ಕಾರಣವೇ ಇಲ್ಲವಾಯಿತು. 2001ರಲ್ಲಿ ಆಮದಿನ ಪರ್ಮಿಟ್ಟಿನ ತಡೆ ತೆಗೆದಾಗ, ಅದರ ಜಾಗದಲ್ಲಿ ಷರತ್ತುಗಳು ಬಂದವು. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಗಡೆಗೆ ಇರಬೇಕು. ವೇಗದ ಮುಳ್ಳು ಕಿಲೋಮೀಟರಿನಲ್ಲಿ ತೋರಿಸಬೇಕು. ಮುಂದಿನ ದೀಪಗಳು ಎಡಗಡೆ ಓಡುವ ರಸ್ತೆಗೆ ಹೊಂದಬೇಕು. ಮತ್ತು ಅದು ಮುಂಬಯಿ ಬಂದರಿನ ಮೂಲಕವೇ ಬರಬೇಕು. ಇಡೀ ದೇಶದ ಹಳೆಯ ಕಾರುಗಳಿಗೆ ನಮ್ಮ ಊರೇ ಸುಂಕದ ಕಟ್ಟೆಯಾಯಿತು.

ಸುಂಕದ ಲೆಕ್ಕವೂ ವಿಚಿತ್ರ. ಅದನ್ನು ಕಟ್ಟುವುದು ಕಾರಿನ ಬೆಲೆಯ ಮೇಲೆ ಮಾತ್ರವಲ್ಲ. ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಕೂಡಿಸಿದ ಮೊತ್ತದ ಮೇಲೆ. ನಾವು ಎಷ್ಟಕ್ಕೆ ಕೊಂಡೆವು ಎಂಬುದೂ ಮುಖ್ಯವಲ್ಲ. ಹೊಸದಾಗಿದ್ದಾಗಿನ ಬೆಲೆಯಿಂದ ಸವಕಳಿ ಕಳೆದು ಅಧಿಕಾರಿಗಳು ಬೆಲೆ ಕಟ್ಟುತ್ತಾರೆ. 2013ರ ಬಜೆಟ್ಟಿನಲ್ಲಿ ಬಳಸಿದ ಕಾರಿನ ಮೂಲ ಸುಂಕವನ್ನು ಶೇಕಡಾ 100ರಿಂದ 125ಕ್ಕೆ ಏರಿಸಲಾಯಿತು. ಆ ದರದಲ್ಲಿ 10 ಲಕ್ಷ ರೂಪಾಯಿಯ ಕಾರಿಗೆ ಮೂಲ ಸುಂಕವೇ ಹನ್ನೆರಡೂವರೆ ಲಕ್ಷ. ಉಳಿದ ತೆರಿಗೆಗಳು ಅದರ ಮೇಲೆ. 2025ರ ಬಜೆಟ್ಟಿನಲ್ಲಿ ಮೂಲ ಸುಂಕ ಮತ್ತು ಸೆಸ್ಸುಗಳ ಹಂಚಿಕೆ ಬದಲಾದರೂ ಒಟ್ಟು ಹೊರೆ ಶೇಕಡಾ ನೂರಕ್ಕಿಂತ ಮೇಲೆಯೇ ಉಳಿಯಿತು. ಈ ಸುಂಕ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಮುಂಬಯಿಯ ಸಚಿನ್ ತೆಂಡೂಲ್ಕರರಿಗೆ ಉಡುಗೊರೆಯಾಗಿ ಬಂದ ಫೆರಾರಿ ಕಾರಿಗೆ 2003ರಲ್ಲಿ ಸುಂಕದ ವಿನಾಯಿತಿ ಕೊಟ್ಟಾಗ ದೊಡ್ಡ ವಿವಾದವೆದ್ದು, ವಿಷಯ ದೆಹಲಿಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಸುಮಾರು 1 ಕೋಟಿ 13 ಲಕ್ಷ ರೂಪಾಯಿ ಸುಂಕವನ್ನು ಕಾರು ಕಂಪನಿಯೇ ಕಟ್ಟಿತು.

ಇಲ್ಲಿಂದ ಹೊರಡುವವರಿಗೂ ದಡ ಇಷ್ಟೇ ಕಠಿಣ. ಅಮೆರಿಕದಲ್ಲಿ ಅಲ್ಲಿಯ ಸುರಕ್ಷತಾ ನಿಯಮಗಳಂತೆ ತಯಾರಾಗದ ಕಾರು 25 ವರ್ಷ ಹಳೆಯದಾಗುವ ವರೆಗೆ ಸುಲಭವಾಗಿ ಒಳಗೆ ಹೋಗಲಾರದು. ಸಿಂಗಪುರದಲ್ಲಿ ಮೂರು ವರ್ಷ ಮೀರಿದ ಸಾಧಾರಣ ಕಾರಿಗೆ ಪ್ರವೇಶವಿಲ್ಲ. ಮೇಲಾಗಿ, 1990ರಿಂದ ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. ಬ್ರಿಟನ್ನು ಇದ್ದುದರಲ್ಲಿ ಉದಾರಿ. ಹೊರಗೆ ಒಂದು ವರ್ಷ ವಾಸವಾಗಿದ್ದು, ಆರು ತಿಂಗಳಾದರೂ ತನ್ನದಾಗಿ ಬಳಸಿದ ಕಾರನ್ನು ನೆಲೆಸಲು ಬರುವವನು ತಂದರೆ ಅರ್ಜಿಯ ಮೇಲೆ ಸುಂಕದ ರಿಯಾಯಿತಿ ಉಂಟು. ರಸ್ತೆಯೂ ನಮ್ಮಂತೆ ಎಡಗಡೆ. ಆದರೂ ಅಲ್ಲಿಯ ಹೊಗೆಯ ನಿಯಮ, ಪರೀಕ್ಷೆ, ನೋಂದಣಿ ಎಲ್ಲವನ್ನೂ ಗಾಡಿ ದಾಟಬೇಕು.

ನೆಲೆಸಲು ಅಲ್ಲ, ಪ್ರವಾಸಕ್ಕಾಗಿ ಕಾರು ಒಯ್ಯುವವರಿಗೆ ಬೇರೆ ದಾರಿಯಿದೆ. ಅದು ‘ಕಾರ್ನೆ’ ಎಂಬ ಪುಸ್ತಕ. ಗಾಡಿಯನ್ನು ಮರಳಿ ತರುತ್ತೇನೆಂಬ ಜಾಮೀನಿನ ಮೇಲೆ ಸುಂಕವಿಲ್ಲದೆ ಗಡಿ ದಾಟಲು ಅದು ಅನುವು ಮಾಡಿಕೊಡುತ್ತದೆ. 1919ರಲ್ಲಿ ಸ್ಥಾಪನೆಯಾದ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ನಮ್ಮಲ್ಲಿ ಈ ಪುಸ್ತಕ ಕೊಡುವ ಸಂಸ್ಥೆ. ಆದರೆ ಅದರ ಅವಧಿ ಒಂದು ವರ್ಷ. ಮರಳಿ ಬರುವವನಿಗೆ ಅದು ಉಪಕಾರಿ. ಊರು ಬಿಡುವವನಿಗೆ ಅಲ್ಲ.

ಕಾಲ ಹೇಗೆ ತಿರುಗಿತು ನೋಡಿ! ಪೆಟ್ಟಿಗೆಗಳಲ್ಲಿ ಕಾರು ಬಂದಿಳಿಯುತ್ತಿದ್ದ ಇದೇ ಮುಂಬಯಿ ಬಂದರಿನಿಂದ, ಪುಣೆಯ ಸುತ್ತಿನ ಕಾರ್ಖಾನೆಗಳಲ್ಲಿ ತಯಾರಾದ ಕಾರುಗಳು ಮೆಕ್ಸಿಕೋದಂಥ ದೂರದ ದೇಶಗಳಿಗೆ, ಎಡಗಡೆಗೆ ಸ್ಟಿಯರಿಂಗ್ ಇಟ್ಟುಕೊಂಡು, ಹಡಗೇರಿವೆ. ಕುರ್ಲಾದ ಪದ್ಮಿನಿ ಮಾತ್ರ ಚರಿತ್ರೆಗೆ ಸೇರಿತು. ಕಪ್ಪು ಹಳದಿ ಬಣ್ಣದ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಆಯುಸ್ಸು 2023ರ ಅಕ್ಟೋಬರಿನಲ್ಲಿ ಮುಗಿಯಿತು.

ಹಾಗಾದರೆ ಕಾರನ್ನು ಎಂದೂ ಒಯ್ಯಬಾರದೇ? ಹಾಗೆ ಹೇಳುವುದು ತಪ್ಪಾದೀತು. ಎರಡೂ ದೇಶಗಳ ರಸ್ತೆ ಒಂದೇ ಕಡೆಯದಾಗಿದ್ದು, ನೆಲೆಸಲು ಬರುವವರಿಗೆ ಸುಂಕದ ರಿಯಾಯಿತಿ ಇದ್ದು, ಆ ಗಾಡಿಯ ಬಿಡಿಭಾಗಗಳು ಅಲ್ಲಿ ದೊರೆಯುವುದಾದರೆ, ಅಥವಾ ಅಂಗವಿಕಲರಿಗಾಗಿ ವಿಶೇಷವಾಗಿ ಮಾಡಿಸಿದ ಗಾಡಿಯಾದರೆ ಒಯ್ಯುವುದರಲ್ಲಿ ಅರ್ಥವಿದೆ. ಆದರೆ ಪ್ರಶ್ನೆಗಳನ್ನು ಕೇಳುವ ಕ್ರಮ ಮುಖ್ಯ. ನಮ್ಮಲ್ಲಿ ಅನೇಕರು ಮೊದಲು ಹಡಗಿನ ಬಾಡಿಗೆ ಎಷ್ಟೆಂದು ಕೇಳುತ್ತಾರೆ. ಅದು ಕೊನೆಯ ಪ್ರಶ್ನೆ. ಆ ದೇಶ ಈ ಗಾಡಿಯನ್ನು ಒಳಗೆ ಬಿಡುತ್ತದೆಯೇ ಎಂಬುದು ಮೊದಲನೆಯದು. ಅಲ್ಲಿಯ ರಸ್ತೆಯಲ್ಲಿ ನೋಂದಣಿ ಆಗುತ್ತದೆಯೇ ಎಂಬುದು ಎರಡನೆಯದು. ಸುಂಕ, ತೆರಿಗೆ, ಪರೀಕ್ಷೆ ಸೇರಿ ಎಷ್ಟಾದೀತು ಎಂಬುದು ಮೂರನೆಯದು. ಈ ಮೂರಕ್ಕೂ ಬರಹದಲ್ಲಿ ಉತ್ತರ ಬಂದ ಮೇಲೆ, ಇಲ್ಲಿ ಮಾರಿದರೆ ಬರುವ ಹಣಕ್ಕೆ ಅಲ್ಲಿ ಎಂಥ ಗಾಡಿ ಬಂದೀತು ಎಂದು ತೂಗಿ ನೋಡಿ, ಆಮೇಲೆ ಹಡಗಿನವನ ಬಳಿಗೆ ಹೋಗಬೇಕು. ಮುಂಬಯಿ ಬಿಟ್ಟು ಊರಿನಲ್ಲಿ ನೆಲೆಸಲು ಹೊರಟವರಿಗೂ ಈ ಕ್ರಮವೇ ಅನ್ವಯಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಮಹಾರಾಷ್ಟ್ರದ ಗಾಡಿ 12 ತಿಂಗಳು ಮೀರಿ ಕರ್ನಾಟಕದಲ್ಲಿ ಉಳಿದರೆ ಅಲ್ಲಿಯ ನಂಬರು ಪಡೆಯಬೇಕು. ರಸ್ತೆ ತೆರಿಗೆಯ ಲೆಕ್ಕವೂ ಹೊಸದಾಗಿ ಆಗಬೇಕು. ಸಮುದ್ರವಿಲ್ಲದ ಕಡೆಯಲ್ಲಿಯೂ ದಡವೆಂಬುದು ಇದ್ದೇ ಇರುತ್ತದೆ.

ಟ್ರಂಕು ಹೊತ್ತು ಧಕ್ಕೆಯಲ್ಲಿ ಇಳಿದ ನಮ್ಮ ಹಿರಿಯರು ತಂದದ್ದು ಕೈಕಸುಬು, ಭಾಷೆ, ನಾಲ್ಕು ಜನರ ವಿಳಾಸ. ಅವುಗಳ ಬಲದಿಂದಲೇ ಹೋಟೆಲುಗಳು, ರಾತ್ರಿ ಶಾಲೆಗಳು, ನಮ್ಮ ಸಂಘಗಳು ಎದ್ದವು. ಮುಂದೆ ಹೊರಡುವವರೂ ಸಾಮಾನಿನ ಪಟ್ಟಿ ಬರೆಯುವಾಗ ಮೊದಲ ಸಾಲುಗಳನ್ನು ಅವುಗಳಿಗೆ ಮೀಸಲಿಡಲಿ. ಕಾರಿನ ಹೆಸರು ಪಟ್ಟಿಯ ಕೊನೆಗೆ ಬರಲಿ. ಅದರ ಮುಂದೆ ಹೌದೆಂದು ಬರೆಯುವ ಮೊದಲು ಆಚೆಯ ದಡವನ್ನು ಒಮ್ಮೆ ಕೇಳಲಿ.